ದಿಂಬಿನ ಗವಸಿಗೆ ಕಸೂತಿ: ದಾರ ನೋಡಿ ಕೊಳ್ಳಿ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಮನೆಗಳಲ್ಲಿ ಸೂಜಿ ಕೆಲಸವೆಂದರೆ ಮುಖ್ಯವಾಗಿ ಎರಡು, ಕೌದಿ ಮತ್ತು ಕಸೂತಿ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದರೆ ಕೌದಿ. ಕಸೂತಿ ಇಳಕಲ್ ಸೀರೆಯ ಸೆರಗಿಗೆ, ಕುಬಸಕ್ಕೆ ಹಾಕುವ ಅಲಂಕಾರ. ಈಗ ಅದು ದಿಂಬಿನ ಗವಸು, ಸೋಫಾ ಕುಶನ್, ಪರದೆ, ಟೇಬಲ್ ಬಟ್ಟೆಗಳಿಗೂ ಬಂದಿದೆ. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ ಎಲ್ಲ ಹಾಗೆಯೇ ಉಳಿದಿವೆ, ಬದಲಾಗಿರುವುದು ದಾರ. ಮಾಲು ಕೆಡುವುದೂ, ಹೊಲಿದವಳ ಕೂಲಿ ಮುಳುಗುವುದೂ ಹೆಚ್ಚಾಗಿ ಅದರಿಂದಲೇ.

ಕಸೂತಿ ಎಣಿಕೆಯ ಕೆಲಸ. ಬಟ್ಟೆಯ ಮೇಲೆ ಗೆರೆ ಎಳೆಯದೆ, ನೂಲಿನ ಎಳೆ ಎಣಿಸುತ್ತ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ ಬಿಟ್ಟ ಜಾಗ ತುಂಬುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಸರಿಯಾಗಿ ಹಾಕಿದ್ದರೆ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತದೆ. ಮಷೀನ್ ಮಾಲನ್ನು ಹಿಂದೆ ತಿರುಗಿಸಿದರೆ ಬೇರೆ ದಾರದ ಓಟ, ಕೆಲವೊಮ್ಮೆ ಕಾಗದದಂಥ ಅಸ್ತರು ಸಿಗುತ್ತದೆ. ಕಸೂತಿಗೆ 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಆದರೂ ಅಂಗಡಿಯಲ್ಲಿ ಗವಸನ್ನು ತಿರುಗಿಸಿ ನೋಡುವವರು ಕಡಿಮೆ.

ಸೀರೆಯ ನೂಲು ಸಣ್ಣದು, ಎಣಿಸಲು ಕಣ್ಣು ಬೇಕು. ಮನೆ ಬಟ್ಟೆಗೆ ಬಳಸುವ ಮ್ಯಾಟಿ ಬಟ್ಟೆಯಲ್ಲಿ ಕಿಂಡಿಗಳು ಎದ್ದು ಕಾಣುತ್ತವೆ. ಇಂಚಿಗೆ 20 ಹೊಲಿಗೆ ಹಿಡಿಯುವ ಬಟ್ಟೆಯಲ್ಲಿ ಒಂದು ಚದರ ಇಂಚು ಮೆಂತೆ ತುಂಬಲು 400 ಹೊಲಿಗೆ ಬೇಕು. 10 ಹಿಡಿಯುವ ಬಟ್ಟೆಯಲ್ಲಿ 100 ಸಾಕು. ಗವಂತಿಯ ಗೆರೆಯಲ್ಲಾದರೆ ಉಳಿತಾಯ ಅರ್ಧ ಮಾತ್ರ. ಕೂಲಿಯನ್ನು ಗವಸಿನ ಅಳತೆ ನೋಡಿ ನಿಗದಿ ಮಾಡುವ ವ್ಯಾಪಾರಿ ಈ ಲೆಕ್ಕ ಮರೆತರೆ ನಷ್ಟ ಹೊಲಿಯುವವಳಿಗೆ. ಒಂದೇ ಅಳತೆಯ ಎರಡು ಗವಸಿನಲ್ಲಿ ಒಂದರ ದುಡಿಮೆ ಇನ್ನೊಂದರ ನಾಲ್ಕು ಪಟ್ಟು ಇರಬಹುದು.

ಕಿಂಡಿ ದೊಡ್ಡದಾದ ಮೇಲೆ ದಾರವೂ ದಪ್ಪವಾಗಬೇಕು, ಇಲ್ಲದಿದ್ದರೆ ನಮೂನೆ ಬಡವಾಗಿ ಕಾಣುತ್ತದೆ. ಕಸೂತಿ ಹತ್ತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಸೀರೆಗೆ ಒಂದೆರಡು ಸಾಕು, ಮ್ಯಾಟಿಗೆ ಹೆಚ್ಚು ಹಿಡಿಯಬೇಕು. ಈಚೆಗೆ ಗಿರಾಕಿಗಳು ಉಬ್ಬುತಗ್ಗಿನ ದಾರ, ಕುಣಿಕೆ ಕುಣಿಕೆಯಾದ ದಾರ, ಸೆಣಬಿನ ದಾರ ಕೇಳುತ್ತಾರೆ. ನೋಡಲು ಚೆಂದವೇ. ಆದರೆ ಗವಂತಿಯಲ್ಲಿ ದಾರ ಒಂದೇ ಕಿಂಡಿಯಲ್ಲಿ ಮತ್ತೆ ಮತ್ತೆ ಹಾಯುವುದರಿಂದ ಕುಣಿಕೆ ಸಿಕ್ಕಿಬೀಳುತ್ತದೆ, ದಾರ ಜುಂಗು ಏಳುತ್ತದೆ, ಬಟ್ಟೆಯೂ ಜಗ್ಗುತ್ತದೆ. ಅಂಥ ದಾರವನ್ನು ಬಟ್ಟೆಯ ಮೇಲೆ ಮಲಗಿಸಿ, ಸಣ್ಣ ದಾರದಿಂದ ಅಲ್ಲಲ್ಲಿ ಹಿಡಿದು ಕಟ್ಟುವುದೇ ಸರಿಯಾದ ಕ್ರಮ. ಅದು ಒಳ್ಳೆಯ ಕೈಕೆಲಸ. ಅದನ್ನು ಕಸೂತಿ ಎಂದು ಹೆಸರು ಹಾಕಿ ಮಾರುವುದು ಮಾತ್ರ ಸರಿಯಲ್ಲ.

ಜೈನ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ದಾರ ರೇಷ್ಮೆಯದೋ? ಸಾಮಾನ್ಯ ರೇಷ್ಮೆಯಲ್ಲಿ ಎಳೆ ತುಂಡಾಗಬಾರದೆಂದು ಹುಳು ಒಳಗಿರುವಾಗಲೇ ಗೂಡನ್ನು ಬಿಸಿಗೆ ಒಡ್ಡುತ್ತಾರೆ. ಹೈದರಾಬಾದಿನ ಕುಸುಮ ರಾಜಯ್ಯ ಅವರಿಂದ ಹೆಸರಾದ ಅಹಿಂಸಾ ರೇಷ್ಮೆಯಲ್ಲಿ ಚಿಟ್ಟೆ ಹೊರಬಂದ ಮೇಲೆ ಗೂಡು ತೆಗೆದುಕೊಳ್ಳುತ್ತಾರೆ. ಗೂಡು ತೂತಾಗಿ ಎಳೆ ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕು. ಹೊಳಪು ಕಡಿಮೆ, ಅಲ್ಲಲ್ಲಿ ಉಬ್ಬು. ಸೀರೆಗೆ ಕೊರತೆ ಎನಿಸುವ ಆ ಉಬ್ಬೇ ಕುಶನ್ನಿಗೆ ಮೆರುಗು.

ಅನುಮಾನ ಇದ್ದರೆ ಒಂದು ತುಂಡು ದಾರ ಸುಟ್ಟು ನೋಡಬಹುದು. ರೇಷ್ಮೆ, ಉಣ್ಣೆ ಎರಡೂ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಹತ್ತಿಗೂ, ಆರ್ಟ್ ಸಿಲ್ಕ್ ಎಂದು ಮಾರುವ ರೇಯಾನಿಗೂ ಕಾಗದ ಸುಟ್ಟ ವಾಸನೆ. ಉಲ್ಲನ್ ಹೆಸರಿನಲ್ಲಿ ಸಿಗುವ ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಹಿಂಸಾ ರೇಷ್ಮೆಯನ್ನು ಸಾಮಾನ್ಯ ರೇಷ್ಮೆಯಿಂದ ಬೇರೆ ಮಾಡಿ ಹೇಳಲು ಈ ಪರೀಕ್ಷೆ ಸಾಲದು. ಅಲ್ಲಿ ಮಾರುವವನ ಮಾತು, ಬಿಲ್ಲು ಎರಡೂ ಬೇಕು. ರೇಯಾನಿನಲ್ಲಿ ಜೀವಹಿಂಸೆಯ ಪ್ರಶ್ನೆ ಇಲ್ಲ, ಆದರೆ ನೀರು ಬಿದ್ದಾಗ ಅದರ ಶಕ್ತಿ ಕುಗ್ಗುತ್ತದೆ. ವಾರವಾರ ಒಗೆಯುವ ಗವಸಿಗೆ ಹತ್ತಿಯೇ ಮೇಲು.

ಕೆಂಪು ದಾರಕ್ಕೆ ಮಾತ್ರ ಎಚ್ಚರ ಬೇಕು. ಹೊಲಿಯುವ ಮೊದಲೇ ಒಂದು ಗೇಣು ದಾರವನ್ನು ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಹಿಂಡಬೇಕು. ಬಣ್ಣ ಬಿಟ್ಟರೆ ಆ ಲಡಿಯನ್ನು ಅಂಗಡಿಗೆ ವಾಪಸು ಕೊಡುವುದು ವಾಸಿ. ಹೊಲಿಗೆ ಮುಗಿದ ಮೇಲೆ ಬಣ್ಣ ಹರಡಿದರೆ ಗಿರಾಕಿ ಇಡೀ ಸೆಟ್ ವಾಪಸು ಮಾಡುತ್ತಾನೆ, ವಾರಗಟ್ಟಲೆ ಎಳೆ ಎಣಿಸಿದ ಹೆಣ್ಣುಮಗಳಿಗೆ ಕೊಡಲು ವ್ಯಾಪಾರಿಯ ಕೈಯಲ್ಲಿ ಏನೂ ಇರುವುದಿಲ್ಲ.