ಅರ್ಧ ಗಂಟೆ ದೂರದ ಅಜ್ಜಿಯೂರು

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ಮೊದಲು ಒಂದು ವಾರ ಸ್ವಿಟ್ಜರ್ಲೆಂಡ್ ಸುತ್ತಿ ಬಂದೆವು. ಎಷ್ಟೋ ವರ್ಷದ ಉಳಿತಾಯ, ಒಂದೇ ವಾರದಲ್ಲಿ ಖರ್ಚು. ಅಷ್ಟೆಲ್ಲ ಹಿಮಬೆಟ್ಟ ತೋರಿಸಿದರೂ ನನ್ನ ಮಗಳಿಗೆ ಹೆಚ್ಚು ಹಿಡಿಸಿದ್ದು ಜ್ಯೂರಿಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುವ ರಾಪರ್ಸ್‌ವಿಲ್ ಎಂಬ ಪುಟ್ಟ ಊರು. ಸರೋವರದ ದಂಡೆ, ದಿಬ್ಬದ ಮೇಲೊಂದು ಕೋಟೆ, ಗುಲಾಬಿ ತೋಟ, ಆಚೆ ದಡಕ್ಕೆ ನಡೆದು ಹೋಗಲು ನೀರಿನ ಮೇಲೆ ಉದ್ದನೆಯ ಮರದ ಸೇತುವೆ. ವಾಪಸು ಬಂದ ಮೇಲೆ ಅದರ ಚಿತ್ರ ಬರೆದು ಕನ್ನಡ ತರಗತಿಗೆ ಒಯ್ದಳು. ಟೀಚರ್ ನೋಡಿ, "ತುಂಬಾ ಚೆನ್ನಾಗಿದೆ. ಇನ್ನು ನಮ್ಮ ದಮ್ಮಾಮ್ ಹತ್ತಿರದ ಪುಟ್ಟ ಊರೊಂದರ ಚಿತ್ರವನ್ನೂ ಬರೆದು ತಾ" ಅಂದರಂತೆ.

ಮನೆಗೆ ಬಂದು ನನ್ನನ್ನು ಕೇಳಿದಳು. ಹದಿನಾಲ್ಕು ವರ್ಷದಿಂದ ಇಲ್ಲಿರುವವನು ನಾನು. "ಖೋಬರ್" ಅಂದೆ. "ಅದೆಲ್ಲಿ ಪುಟ್ಟದು ಅಪ್ಪಾ?" "ಜುಬೈಲ್?" "ಅಲ್ಲಿ ಬರೀ ಫ್ಯಾಕ್ಟರಿ." ಅಲ್ಲಿಗೆ ನನ್ನ ಪಟ್ಟಿ ಮುಗಿಯಿತು. ಮಾಲ್‌ಗಳ ಹೆಸರು ಕೇಳಿದ್ದರೆ ಹತ್ತು ಹೇಳುತ್ತಿದ್ದೆ.

ಈ ವಿಷಯ ಮನಸ್ಸಿಗೆ ಚುಚ್ಚಲು ಇನ್ನೊಂದು ಕಾರಣವಿತ್ತು. ಈ ಜೂನ್‌ಗೆ ನಮ್ಮದು ಫೈನಲ್ ಎಕ್ಸಿಟ್. ಹೊನ್ನಾವರಕ್ಕೆ ಮರಳುತ್ತಿದ್ದೇವೆ. ನನಗೆ ಅದು ಮರಳುವುದು. ದಮ್ಮಾಮ್‌ನಲ್ಲೇ ಹುಟ್ಟಿದ ಹನ್ನೊಂದು ವರ್ಷದ ಹುಡುಗಿಗೆ ಅದು ಹೋಗುವುದು. ಊರಿನಲ್ಲಿ ಅಣ್ಣನ ಮಕ್ಕಳು ಅವಳನ್ನು "ಸೌದಿಯವಳು" ಅಂತಾರೆ, ಇಲ್ಲಿ ಎಲ್ಲರೂ "ಹಿಂದಿಯಾ" ಅಂತಾರೆ. ಹಾಗಾಗಿ ಅವಳು ಹುಟ್ಟಿದ ನೆಲವನ್ನು ಬಿಡುವ ಮೊದಲು ಒಂದು ದಿನವಾದರೂ ಸರಿಯಾಗಿ ನೋಡಲಿ ಅಂತ ಜನವರಿಯ ಒಂದು ಶನಿವಾರ ಬೆಳಿಗ್ಗೆ, ಚಳಿಗೆ ಸ್ವೆಟರ್ ಹಾಕಿಕೊಂಡು, ಚಟ್ನಿಪುಡಿ ಹಚ್ಚಿದ ಚಪಾತಿ ಕಟ್ಟಿಕೊಂಡು ಹೊರಟೆವು. ಎಲ್ಲಿಗೆ ಅಂದರೆ ತಾರೂತ್‌ಗೆ. ಕತೀಫ್ ಎದುರಿನ ದ್ವೀಪ ಅದು. ನಮ್ಮ ಮನೆಯಿಂದ ಕಾರಿನಲ್ಲಿ ಬರೀ ಅರ್ಧ ಗಂಟೆ.

ಸೈಹಾತ್ ದಾಟಿ ಕತೀಫ್ ಸೇರುವಾಗ ರಸ್ತೆಯ ಪಕ್ಕ ಖರ್ಜೂರದ ತೋಟಗಳು ಕಾಣಿಸಿಕೊಳ್ಳುತ್ತವೆ. ಈಗ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು. ಸುಮಾರು ಏಳುನೂರು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ ಇಬ್ನ್ ಬತೂತಾ ಎಂಬ ಮೊರೊಕ್ಕೊ ದೇಶದ ಪ್ರವಾಸಿ, ಕತೀಫ್ ಎಂದರೆ ಖರ್ಜೂರದ ಮರಗಳು ತುಂಬಿದ ದೊಡ್ಡ, ಸುಂದರ ಪಟ್ಟಣ ಎಂದು ಬರೆದಿದ್ದಾನೆ. ಮಕ್ಕಳೇ, ಇದೇ ಮನುಷ್ಯ ಕೆಲವೇ ವರ್ಷಗಳ ನಂತರ ನಮ್ಮ ಕರಾವಳಿಗೂ ಬಂದ. ಹೊನ್ನಾವರ, ಬಾರ್ಕೂರು, ಮಂಗಳೂರು ಎಲ್ಲ ನೋಡಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದಿಟ್ಟ. ಕಾರಿನಲ್ಲಿ ಇದನ್ನು ಹೇಳಿದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅಂದರೆ ಅವನೂ ಇಲ್ಲಿಂದ ಹೊನ್ನಾವರಕ್ಕೆ ಹೋದನಾ?" ನೇರವಾಗಿ ಅಲ್ಲ, ಬಹಳ ಸುತ್ತು ಹಾಕಿ ಹೋದ ಅಂದೆ. ಆದರೂ ಅವಳಿಗೆ ಸಮಾಧಾನವಾದಂತೆ ಕಂಡಿತು.

ಕತೀಫ್‌ಗೆ ಹೋಗಿ ಮೀನು ಮಾರುಕಟ್ಟೆ ನೋಡದೆ ಬರುವುದು ನಮ್ಮ ಕಡೆಯವರಿಂದ ಆಗದ ಮಾತು. ಮಾರುವವರು ಬೆಲೆ ಕೂಗುತ್ತಿದ್ದರು. ಇದ್ದಕ್ಕಿದ್ದಂತೆ ಮಗಳು ನನ್ನ ತೋಳು ಎಳೆದಳು. "ಅಪ್ಪಾ, ಅವರು ಕನ್ನಡ ಕನ್ನಡ ಅಂತಿದ್ದಾರೆ!" ನಿಂತು ಕೇಳಿದರೆ ನಿಜಕ್ಕೂ ಹಾಗೇ ಕೇಳಿಸಿತು. ಅವರು ಹೇಳುತ್ತಿದ್ದುದು "ಕನ್‌ಅದ್." ಅದೊಂದು ಮೀನಿನ ಹೆಸರು. ಯಾವ ಮೀನು ಅಂತೀರಿ? ಮಂಗಳೂರಿನವರ ಅಂಜಲ್, ನಮ್ಮ ಉತ್ತರ ಕನ್ನಡದ ಇಸ್ವಾಣ! ಎರಡು ಕಿಲೋ ಕನ್‌ಅದ್ ಕೊಂಡು ಐಸ್ ಪೆಟ್ಟಿಗೆಗೆ ಹಾಕಿದೆವು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಕನ್ನಡ ಮೀನು.

ಕತೀಫ್‌ನಿಂದ ತಾರೂತ್‌ಗೆ ಸಮುದ್ರದ ಮೇಲೆ ರಸ್ತೆಯಿದೆ. ಆದರೆ ದ್ವೀಪಕ್ಕೆ ಬಂದೆವು ಎಂದು ಗೊತ್ತೇ ಆಗುವುದಿಲ್ಲ, ಅಷ್ಟು ಮನೆಗಳು. ಹಿಂದೆ ರಸ್ತೆ ಇಲ್ಲದಾಗ ಸಮುದ್ರ ಇಳಿದ ಹೊತ್ತು ನೋಡಿ ಕತ್ತೆಗಳ ಮೇಲೆ ಸಾಮಾನು ಹೇರಿ ದಾಟುತ್ತಿದ್ದರಂತೆ. ಇಲ್ಲಿನ ನೀರು ಅಷ್ಟು ತಟ್ಟು. ದಂಡೆಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳಿವೆ, ನಮ್ಮ ಶರಾವತಿ ಅಳಿವೆಯಲ್ಲಿ ಇರುವಂಥವೇ. ಮೀನು, ಸಿಗಡಿಗಳು ಮರಿ ಬೆಳೆಸುವುದು ಈ ಬೇರುಗಳ ನಡುವೆ. ಸಮುದ್ರಕ್ಕೆ ಮಣ್ಣು ತುಂಬಿ ಜಾಗ ಮಾಡಿಕೊಂಡಂತೆಲ್ಲ ಕಾಂಡ್ಲಾ ಕಡಿಮೆಯಾಗುತ್ತ ಬಂದಿದೆ.

ತಾರೂತ್ ಕೋಟೆ ಊರಿನ ನಡುವೆ ಒಂದು ದಿಬ್ಬದ ಮೇಲಿದೆ. ರಾಪರ್ಸ್‌ವಿಲ್ ಕೋಟೆಯಷ್ಟು ದೊಡ್ಡದಲ್ಲ, ಗುಲಾಬಿಯೂ ಇಲ್ಲ. ಸಮುದ್ರದ ಕಲ್ಲು, ಮಣ್ಣು, ಗಾರೆ ಮತ್ತು ಖರ್ಜೂರದ ಬೊಡ್ಡೆಗಳಿಂದ ಕಟ್ಟಿದ ದುಂಡನೆಯ ಬುರುಜುಗಳು. ನಾವು ಹೋದ ದಿನ ಬಾಗಿಲು ಹಾಕಿತ್ತು, ಹೊರಗಿನಿಂದಲೇ ಸುತ್ತು ಬಂದೆವು. ಮಗಳ ಮುಖ ಸಣ್ಣದಾಯಿತು. ಆದರೆ ಇಲ್ಲಿ ನೋಡಬೇಕಾದ್ದು ಕೋಟೆಗಿಂತ ಅದರ ಕೆಳಗಿನ ದಿಬ್ಬವನ್ನು. ಕೋಟೆ 16ನೇ ಶತಮಾನದ್ದು, ಪೋರ್ಚುಗೀಸರ ಕಾಲದ್ದು ಎಂದು ಹೇಳುವವರೇ ಹೆಚ್ಚು. (ಇದೇ ಪೋರ್ಚುಗೀಸರು 1505ರಲ್ಲಿ ನಮ್ಮ ಹೊನ್ನಾವರಕ್ಕೆ ಬೆಂಕಿ ಹಚ್ಚಿದ್ದರು. ನಾವು ಎಲ್ಲಿ ಹೋದರೂ ಅವರು ಮೊದಲೇ ಹೋಗಿರುತ್ತಾರೆ.) ಆದರೆ ದಿಬ್ಬ ಮಾತ್ರ ಬೆಟ್ಟವಲ್ಲ. ಮನೆ ಕಟ್ಟಿ, ಅದು ಬಿದ್ದು, ಅದರ ಮೇಲೆ ಇನ್ನೊಂದು ಕಟ್ಟಿ, ಹೀಗೆ ಸಾವಿರಾರು ವರ್ಷ ಜನ ಬದುಕಿದ್ದರಿಂದಲೇ ಎದ್ದ ಎತ್ತರ ಅದು.

ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿ ದಿಲ್ಮುನ್ ಎಂಬ ವ್ಯಾಪಾರದ ನಾಡಿನ ಹೆಸರು ಬರುತ್ತದೆ. ಸಿಂಧೂ ಕಣಿವೆಯ ಕಡೆಯಿಂದ ಹಡಗುಗಳು ಹೋಗುತ್ತಿದ್ದ ದಾರಿಯಲ್ಲಿದ್ದ ನಾಡು. ತಾರೂತ್ ಅದರ ಭಾಗವಾಗಿತ್ತು. 1960ರ ದಶಕದಲ್ಲಿ ಈ ದ್ವೀಪದಲ್ಲಿ ಸಿಕ್ಕಿದ ಸುಣ್ಣಕಲ್ಲಿನ ಮೂರ್ತಿಯೊಂದು ಈಗ ರಿಯಾದ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಎದೆಯ ಮುಂದೆ ಎರಡೂ ಕೈ ಜೋಡಿಸಿ ನಿಂತ ಮನುಷ್ಯ. ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ, ಅಂದರೆ ಮೂರು ವರ್ಷದ ಮಗುವಿನಷ್ಟು. ವಯಸ್ಸು ಮಾತ್ರ ಸುಮಾರು 4500 ವರ್ಷ. ಅದರ ಜೊತೆಗೆ ಹಾವು, ಖರ್ಜೂರದ ಮರ ಇತ್ಯಾದಿ ಕೆತ್ತಿದ ಮೆತುಗಲ್ಲಿನ ಪಾತ್ರೆಗಳ ನೂರಾರು ಚೂರುಗಳೂ ಈ ದ್ವೀಪದಲ್ಲಿ ಸಿಕ್ಕಿವೆ. ಆ ಕಲ್ಲು ನಿಮಗೆ ಗೊತ್ತಿರುವುದೇ. ಬೇಲೂರು, ಹಳೇಬೀಡಿನ ದೇವಸ್ಥಾನಗಳನ್ನು ಕೆತ್ತಿರುವ ಬಳಪದ ಕಲ್ಲಿನ ಜಾತಿಯದ್ದು. ಅಗೆದಾಗ ಮೃದು, ಉಳಿ ಹೇಳಿದ ಹಾಗೆ ಕೇಳುತ್ತದೆ.

ಕೋಟೆಯ ಬುಡದಲ್ಲಿ ಐನ್ ಅಲ್ ಔದಾ ಎಂಬ ಬುಗ್ಗೆಯಿತ್ತು. ಇತ್ತು ಅಂದೆ, ಈಗಿಲ್ಲ. ಇಣುಕಿದರೆ ಕಲ್ಲಿನ ಗೋಡೆಗಳ ಒಣ ಗುಂಡಿ. ಅಲ್ಲಿ ನಿಂತು ನೋಡುತ್ತಿದ್ದಾಗ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಮಾತಾಡಿಸಿದರು. ಎಣ್ಣೆ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಜೊತೆಗೆ ಕೆಲಸ ಮಾಡಿದ ಭಾರತೀಯರಿಂದ ಕಲಿತ ನಾಲ್ಕು ಹಿಂದಿ ಮಾತು, ಸ್ವಲ್ಪ ಇಂಗ್ಲಿಷ್, ಉಳಿದದ್ದು ಅರಬಿ. ಚಿಕ್ಕವರಿದ್ದಾಗ ಶಾಲೆ ಬಿಟ್ಟ ಕೂಡಲೇ ಇಲ್ಲಿ ಹಾರುತ್ತಿದ್ದರಂತೆ. ಚಳಿಗಾಲದಲ್ಲಿ ನೀರು ಬೆಚ್ಚಗಿರುತ್ತಿತ್ತಂತೆ. ತೋಟಗಳಿಗೂ ಇಲ್ಲಿಂದಲೇ ಕಾಲುವೆ. ನೀರು ಎಲ್ಲಿ ಹೋಯಿತು ಎಂದು ಮಗಳು ಕೇಳಿದಳು. ಅವರು ಬೆರಳನ್ನು ಕೆಳಕ್ಕೆ ತೋರಿಸಿ, ಕೊಳವೆಯಿಂದ ಹೀರುವ ಹಾಗೆ ಬಾಯಿ ಮಾಡಿದರು.

ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆಯೇ ಇಲ್ಲದ ಈ ನಾಡಿನಲ್ಲಿ ಬುಗ್ಗೆ ಎಲ್ಲಿಂದ ಬಂತು? ಸಾವಿರಾರು ವರ್ಷದ ಹಿಂದೆ ಅರೇಬಿಯಾದಲ್ಲಿ ಈಗಿಗಿಂತ ಹೆಚ್ಚು ಮಳೆ ಬೀಳುತ್ತಿದ್ದಾಗ ಇಂಗಿದ ನೀರು ಆಳದ ಕಲ್ಲಿನ ಪದರಗಳಲ್ಲಿ ಪೂರ್ವಕ್ಕೆ ನಿಧಾನವಾಗಿ ಸರಿದು, ಒತ್ತಡದಿಂದ ಕತೀಫ್ ಮತ್ತು ಅಲ್ ಅಹ್ಸಾ ಕಡೆ ತಾನಾಗಿ ಮೇಲಕ್ಕೆ ಉಕ್ಕುತ್ತಿತ್ತು. ಆಮೇಲೆ ಎಲ್ಲೆಡೆ ಕೊಳವೆಬಾವಿ, ಪಂಪು ಬಂದವು. ಒಂದೇ ಸೀಸೆಗೆ ಹತ್ತು ಜನ ಸ್ಟ್ರಾ ಹಾಕಿದ ಹಾಗೆ. ಒತ್ತಡ ಇಳಿಯಿತು, ಬುಗ್ಗೆಗಳು ಒಂದೊಂದಾಗಿ ನಿಂತವು. ಹೀರಿದಷ್ಟನ್ನು ತುಂಬಿಕೊಡಲು ಈಗ ಆ ಮಳೆ ಇಲ್ಲ. ನಮ್ಮ ಮನೆಯ ನಲ್ಲಿಗೆ ಬರುವುದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು.

ಹಿರಿಯರು ನಮ್ಮನ್ನು ಕೋಟೆಯ ಪಕ್ಕದ ದೀರಾ ಎಂಬ ಹಳೇ ಕೇರಿಗೆ ಕರೆದೊಯ್ದರು. ಎರಡು ಜನ ಜೊತೆಗೆ ನಡೆಯಲಾರದಷ್ಟು ಸಣ್ಣ ಓಣಿಗಳು. ಬಿಸಿಲು ಬೀಳದಿರಲಿ ಅಂತ ಹಾಗೆ ಮಾಡಿದ್ದು. ಒಂದು ಬಿದ್ದ ಗೋಡೆ ತೋರಿಸಿ, "ನಮ್ಮ ಮನೆ" ಅಂದರು. ನಂತರ ಮಗಳ ಕಡೆ ತಿರುಗಿ, "ನಿನ್ನ ಊರು ಯಾವುದು?" ಎಂದು ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ಬೇಕೆಂದೇ ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು "ದಮ್ಮಾಮ್" ಅಂದಳು.

ಅವರು ಹೊಟ್ಟೆ ಹಿಡಿದು ನಕ್ಕರು. "ದಮ್ಮಾಮ್? ದಮ್ಮಾಮ್ ನನ್ನ ಅಪ್ಪನಿಗಿಂತ ಚಿಕ್ಕದು!"

ಅವರು ಹೇಳಿದ್ದು ಬಹುಮಟ್ಟಿಗೆ ಸರಿ. 1923ರಲ್ಲಿ ಬಹ್ರೇನ್‌ನಿಂದ ಬಂದ ದವಾಸಿರ್ ಬುಡಕಟ್ಟಿನವರು ನೆಲೆಸಿದ ಮೇಲೆ ಈಗಿನ ದಮ್ಮಾಮ್ ಬೆಳೆಯತೊಡಗಿತು. 1938ರಲ್ಲಿ ಏಳನೇ ಬಾವಿಯಲ್ಲಿ ಎಣ್ಣೆ ಸಿಗುವ ತನಕ ಅದೊಂದು ಬೆಸ್ತರ ಹಳ್ಳಿ. ಜ್ಯೂರಿಕ್ ಪಕ್ಕದ ಚಿಕ್ಕ ಊರು ನೋಡಿದ ಲೆಕ್ಕದಲ್ಲಿ ನಾವು ದಮ್ಮಾಮ್ ಪಕ್ಕದ ಚಿಕ್ಕ ಊರಿಗೆ ಬಂದಿದ್ದೆವು. ಇಲ್ಲಿ ಚಿಕ್ಕದೇ ಅಜ್ಜಿ, ದೊಡ್ಡದೇ ಮೊಮ್ಮಗು.

ದ್ವೀಪದ ಇನ್ನೊಂದು ತುದಿ ದಾರಿನ್. ಒಂದು ಕಾಲದಲ್ಲಿ ಭಾರತದಿಂದ ಬರುವ ಕಸ್ತೂರಿಗೆ ಹೆಸರಾದ ಬಂದರು. ಎಷ್ಟರ ಮಟ್ಟಿಗೆ ಅಂದರೆ ಹಳೆಯ ಅರಬಿಯಲ್ಲಿ ಸುಗಂಧ ಮಾರುವವನಿಗೆ ಈ ಊರಿನಿಂದಲೇ 'ದಾರೀ' ಎಂಬ ಹೆಸರು ಬಂತು. ಮುತ್ತಿನ ವರ್ತಕ ಮುಹಮ್ಮದ್ ಬಿನ್ ಅಬ್ದುಲ್ ವಹಾಬ್ ಅಲ್ ಫೈಹಾನಿ 19ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿದ ಅರಮನೆಯ ಅವಶೇಷ ಸಮುದ್ರದ ಅಂಚಿನಲ್ಲಿದೆ. 1915ರ ಡಿಸೆಂಬರ್ 26ರಂದು ಅಬ್ದುಲ್ ಅಜೀಜ್ (ಮುಂದೆ ಸೌದಿ ಅರೇಬಿಯಾದ ಮೊದಲ ದೊರೆ) ಮತ್ತು ಬ್ರಿಟಿಷರ ಪರವಾಗಿ ಪರ್ಸಿ ಕಾಕ್ಸ್ ಸಹಿ ಹಾಕಿದ ಒಪ್ಪಂದಕ್ಕೂ ದಾರಿನ್ ಒಪ್ಪಂದ ಎಂದೇ ಹೆಸರು. ಅದಕ್ಕೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 1916ರಲ್ಲಿ, ನಮ್ಮ ಸಿಮ್ಲಾದಲ್ಲಿ, ವೈಸ್‌ರಾಯ್ ಕೈಯಿಂದ! ಕೊಲ್ಲಿಯ ವ್ಯವಹಾರವನ್ನು ಆಗ ಭಾರತದಿಂದಲೇ ನೋಡಿಕೊಳ್ಳುತ್ತಿದ್ದರು. ಭಾರತದ ಬೆಳ್ಳಿ ರೂಪಾಯಿ ಈ ಕರಾವಳಿಯಲ್ಲೆಲ್ಲ ಚಲಾವಣೆಯಲ್ಲಿತ್ತು. ಮುತ್ತು ಬೊಂಬಾಯಿಗೆ ಹೋಗುತ್ತಿತ್ತು, ದೋಣಿ ಕಟ್ಟಲು ಮಲಬಾರಿನ ತೇಗ ಬರುತ್ತಿತ್ತು. ದೋಣಿಯ ಯಜಮಾನನಿಗೆ ಇಲ್ಲಿ 'ನೋಖದಾ' ಅನ್ನುತ್ತಾರೆ. ನಮ್ಮ ಭಟ್ಕಳ, ಹೊನ್ನಾವರ ಕಡೆ ನಾಖುದಾ ಅಡ್ಡಹೆಸರಿನವರು ಈಗಲೂ ಇದ್ದಾರಲ್ಲ, ಅದೇ ಮಾತು.

ಮುತ್ತಿಗಾಗಿ ಮುಳುಗುವುದು ಸುಲಭದ ಕೆಲಸವಾಗಿರಲಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಸಮುದ್ರದಲ್ಲೇ. ಮೂಗಿಗೆ ಕ್ಲಿಪ್, ಕಾಲಿಗೆ ಕಲ್ಲಿನ ಭಾರ, ಕತ್ತಿಗೆ ಬುಟ್ಟಿ, ಮೇಲೆ ಹಗ್ಗ ಹಿಡಿದ ಜೊತೆಗಾರ. ನಮ್ಮ ಹಿರಿಯರ ಅಜ್ಜ ಅಂಥ ಮುಳುಗುಗಾರರಂತೆ. ಮುಂಗಡ ಸಾಲ ಪಡೆದು ಹೋಗುವುದು, ಸೀಸನ್ ಮುಗಿದಾಗ ಸಾಲ ತೀರದಿರುವುದು. ಮನೆಯಿಂದ ದೂರ, ಸಾಲ ತೀರಿಸಲು, ವರ್ಷದಿಂದ ವರ್ಷಕ್ಕೆ. ಇದನ್ನು ಕೇಳುವಾಗ ನಾನೂ ನನ್ನ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಜಪಾನಿನ ಸಾಕಿದ ಮುತ್ತು ಬಂತು, 1930ರ ದಶಕದ ಜಾಗತಿಕ ಮುಗ್ಗಟ್ಟು ಬಂತು, ಮುತ್ತಿನ ವ್ಯಾಪಾರ ಬಿದ್ದುಹೋಯಿತು. ಎಣ್ಣೆ ಸಿಕ್ಕಾಗ ಮುಳುಗುಗಾರರ ಮಕ್ಕಳು ಎಣ್ಣೆ ಕೆಲಸಕ್ಕೆ ಸೇರಿದರು.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮೀನು ಮಾರುಕಟ್ಟೆಗೆ ಆದಷ್ಟು ಬೆಳಿಗ್ಗೆ ಹೋಗಿ. ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ. ದೀರಾ ಕೇರಿಯಲ್ಲಿ ಜನ ವಾಸವಿದ್ದಾರೆ, ಕೇಳದೆ ಮನೆಗಳ ಫೋಟೋ ತೆಗೆಯಬೇಡಿ. ಬಿದ್ದ ಗೋಡೆಗಳ ಹತ್ತಿರ ಪುಟ್ಟ ಮಕ್ಕಳ ಕೈ ಹಿಡಿದಿರಿ. 2022ರಲ್ಲಿ ಸರ್ಕಾರ ದಾರಿನ್ ಮತ್ತು ತಾರೂತ್ ದ್ವೀಪದ ಅಭಿವೃದ್ಧಿಗೆ ದೊಡ್ಡ ಯೋಜನೆ ಘೋಷಿಸಿದೆ. ಆದ್ದರಿಂದ ನೀವು ಹೋಗುವಾಗ ನಾವು ಕಂಡದ್ದಕ್ಕಿಂತ ಬೇರೆಯಾಗಿ ಕಾಣಬಹುದು, ಕೋಟೆಯ ಬಾಗಿಲೂ ತೆರೆದಿರಬಹುದು.

ಸಂಜೆ ಮನೆಗೆ ಬಂದು ಕನ್ನಡ ಮೀನನ್ನು ಹುರಿದು ತಿಂದೆವು. ಮಗಳು ಊಟ ಮುಗಿಸಿ ಚಿತ್ರ ಬರೆಯಲು ಕುಳಿತಳು. ಕೋಟೆ ಬಂತು, ಓಣಿ ಬಂತು, ಕಟ್ಟೆಯ ಮೇಲೆ ಬಿಳಿ ತೋಬ್ ತೊಟ್ಟ ಅಜ್ಜ ಬಂದರು. ಬುಗ್ಗೆಯ ಜಾಗಕ್ಕೆ ನೀಲಿ ಬಣ್ಣ ತುಂಬುತ್ತಿದ್ದಳು. "ಅಲ್ಲಿ ನೀರು ಇರಲಿಲ್ಲವಲ್ಲ?" ಅಂದೆ. "ಅಜ್ಜ ಚಿಕ್ಕವರಿದ್ದಾಗ ಇತ್ತಲ್ಲ," ಅಂದಳು.

ಜೂನ್‌ಗೆ ಕಾರ್ಗೋದಲ್ಲಿ ಕಳಿಸುವ ಪೆಟ್ಟಿಗೆಗಳಿಗೆ ಈಗಲೇ ನಂಬರ್ ಹಾಕುತ್ತಿದ್ದೇವೆ. ಮಿಕ್ಸಿ, ಪುಸ್ತಕ, ಸೈಕಲ್ ಎಲ್ಲ ಅದರಲ್ಲಿ ಹೋಗುತ್ತವೆ. ಆ ಚಿತ್ರವನ್ನು ಮಾತ್ರ ತನ್ನ ಕೈಚೀಲದಲ್ಲೇ ಇಟ್ಟುಕೊಳ್ಳುತ್ತಾಳಂತೆ. ಹೊನ್ನಾವರದಲ್ಲಿ ಅಣ್ಣನ ಮಕ್ಕಳು ಕೇಳಿದಾಗ ತೋರಿಸಬೇಕಂತೆ.