ಮನೆ ಹೊರುವ ಗಾಡಿ ಯಾವುದು?

ಯುಗಾದಿ ಹತ್ತಿರ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ನಡೆಯುವವರ ಜೊತೆಗೆ ಒಂದು ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಟ್ರಾಲಿಗೆ ಬಿದಿರು ಬಗ್ಗಿಸಿ ತಾಡಪಾಲು ಕಟ್ಟಿರುತ್ತಾರೆ. ಒಳಗೆ ರೊಟ್ಟಿ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಡ್ರಮ್ಮು, ಗ್ಯಾಸ್ ಒಲೆ, ಹಾಸಿಗೆ. ಕಾಲು ಸೋತವರು ಅದರಲ್ಲೇ ಮಲಗುತ್ತಾರೆ. ಮನೆಯನ್ನು ಗಾಲಿಯ ಮೇಲೆ ಇಟ್ಟುಕೊಂಡು ಹೋಗುವುದು ಈ ಸೀಮೆಗೆ ಹೊಸದಲ್ಲ.

ಆದರೆ ಆ ಟ್ರಾಲಿ ಮನುಷ್ಯರಿಗಾಗಿ ಮಾಡಿದ್ದಲ್ಲ. ನಮ್ಮ ಕಡೆಯ ಬಹುತೇಕ ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಅದರ ಭಾರವೆಲ್ಲ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಶ್ರೀಶೈಲದ ದಾರಿಯ ನಲ್ಲಮಲದ ಘಾಟಿನಲ್ಲಿ ಮುದುಕರನ್ನೂ ಮಕ್ಕಳನ್ನೂ ಹಾಗೆ ಕರೆದೊಯ್ಯುವುದನ್ನು ನೆನೆದರೆ ಜೀವ ಝಲ್ಲೆನ್ನುತ್ತದೆ. ತುಂಗಭದ್ರೆಯ ದಂಡೆಯ ಮುಕ್ಕುಂದದಂಥ ಊರಿನಲ್ಲಿ, ಭತ್ತದ ಹಣ ಕೈಗೆ ಬಂದ ವರ್ಷ ಒಂದು ಮನೆಯವರು ಗಾಡಿ ಕೊಂಡು, ಒಳಗೆ ಮಂಚ, ಒಲೆ ಕೂರಿಸಿ, ಶ್ರೀಶೈಲ, ಮುದಗಲ್, ಆನೆಗೊಂದಿ ಎಂದು ತಿರುಗಿ ಬರಲು ಆಸೆಪಟ್ಟರೆ ಅದು ಅತಿಯಾಸೆಯೇನಲ್ಲ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿತ್ತು. ಕೇರಳ 2021ರಲ್ಲಿ ಇದಕ್ಕಾಗಿಯೇ ನೀತಿ ತಂದಿತು. ಅಲ್ಲಿ ಭಾರತ್‌ಬೆಂಜ್ 1017 ಚಾಸಿಯ ಮೇಲೆ ಕ್ಯಾರವಾನ್ ಕಟ್ಟಿ ಇಳಿಸಿದರು. ಅದು ಬಾಡಿಗೆಗೆ ಬಿಡುವವರ ಲೆಕ್ಕ. ಸ್ವಂತಕ್ಕೆ ಒಂದು ಗಾಡಿ ಆರಿಸುವವರ ಲೆಕ್ಕ ಬೇರೆ.

ಸಾಮಾನ್ಯವಾಗಿ ಎಲ್ಲರೂ ಒಳಗಿನಿಂದ ಶುರು ಮಾಡುತ್ತಾರೆ. ಮಂಚ ಎಲ್ಲಿ, ಟಿವಿ ಎಲ್ಲಿ, ಎಸಿ ಎಷ್ಟು ಟನ್ನಿನದು. ನನ್ನ ಪ್ರಕಾರ ಶುರು ಮಾಡಬೇಕಾದದ್ದು ತೂಕದ ಕಾಟಾದಿಂದ. ಸಿಂಧನೂರಿನ ಅಕ್ಕಿ ಗಿರಣಿಗಳ ಸಾಲಿನಲ್ಲಿ ಅದಕ್ಕೇನೂ ಬರವಿಲ್ಲ; ಭತ್ತದ ಲಾರಿ ತೂಗುವ ಅದೇ ಕಾಟಾದ ಮೇಲೆ ಖಾಲಿ ಗಾಡಿ ನಿಲ್ಲಿಸಿ. ಒಮ್ಮೆ ಪೂರ್ತಿ ಗಾಡಿ, ಇನ್ನೊಮ್ಮೆ ಮುಂದಿನ ಗಾಲಿಗಳಷ್ಟೇ, ಮತ್ತೊಮ್ಮೆ ಹಿಂದಿನ ಗಾಲಿಗಳಷ್ಟೇ. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದೇ ನಿಮ್ಮ ಮನೆಗೆ ಸಿಗುವ ಜಾಗ. ಅದನ್ನು ಚದರಡಿಯಲ್ಲಿ ಅಳೆಯಬಾರದು, ಕೆಜಿಯಲ್ಲಿ ಅಳೆಯಬೇಕು.

ಆರು ಮಂದಿಯ ಮನೆ ಎಂದಿಟ್ಟುಕೊಳ್ಳಿ. ತಲೆಗೆ 65 ಕೆಜಿ ಹಿಡಿದರೂ ಜನವೇ 390 ಕೆಜಿ. 150 ಲೀಟರ್ ನೀರು ಎಂದರೆ 150 ಕೆಜಿ. 150 ಆಂಪಿಯರ್-ಅವರ್‌ನ ಎರಡು ಇನ್ವರ್ಟರ್ ಬ್ಯಾಟರಿಗೆ ನೂರು ಕೆಜಿ ದಾಟುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಎಂಟಡಿ-ನಾಲ್ಕಡಿ ಹಾಳೆ ಒಂದೊಂದೂ 30 ಕೆಜಿಯ ಆಸುಪಾಸು. ಮಂಚ, ಕಪಾಟು, ಅಡುಗೆ ಕಟ್ಟೆಗೆ ಹತ್ತು ಹಾಳೆ ಹೋಗುತ್ತವೆ. ತುಂಬಿದ ಗ್ಯಾಸ್ ಸಿಲಿಂಡರ್ 30. ಎಸಿ, ಫ್ರಿಜ್ಜು, ಪಾತ್ರೆ, ಹಾಸಿಗೆ, ಜೋಳದ ಹಿಟ್ಟು ಎಲ್ಲ ಸೇರಿಸಿದರೆ ಒಂದು ಟನ್ ಮೀರಿ ನೂರಿನ್ನೂರು ಕೆಜಿ ಆಗುತ್ತದೆ. ಇಷ್ಟು ಹೊರಲಾಗದ ಗಾಡಿಗೆ ಎಷ್ಟು ಒಳ್ಳೆಯ ಎಂಜಿನ್ ಇದ್ದರೂ ಮೊದಲ ಬೇಸಿಗೆಯಲ್ಲೇ ಟೈರು ಸಿಡಿಯುತ್ತದೆ, ಪಾಟಾ (ಲೀಫ್ ಸ್ಪ್ರಿಂಗ್) ಮುರಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಡಾಂಬರು ಎಷ್ಟು ಕಾಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಆರು ಮಂದಿಗೆ ನಾನು ಹೇಳುವುದು ಟಿಟಿ, ಅಂದರೆ ಫೋರ್ಸ್ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ 1987ರಲ್ಲಿ ಮರ್ಸಿಡಿಸ್ ವ್ಯಾನಿನ ವಿನ್ಯಾಸದಿಂದ ಮಾಡಿದ ಗಾಡಿ ಇದು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಆಯಿತು. ಇದಕ್ಕಿಂತ ಚಂದದ, ಸದ್ದು ಕಡಿಮೆಯ ಗಾಡಿಗಳು ಈಗ ಬಂದಿವೆ. ಆದರೆ ಮದುವೆ ದಿಬ್ಬಣ, ಶಾಲೆಯ ಮಕ್ಕಳು, ಆಂಬುಲೆನ್ಸ್, ತಿರುಪತಿ ಪ್ರವಾಸ ಎಲ್ಲದಕ್ಕೂ ಓಡುವುದು ಟಿಟಿಯೇ. ಹಾಗಾಗಿ ಅದರ ಕ್ಲಚ್ ಪ್ಲೇಟು, ವಾಟರ್ ಪಂಪು ತಾಲ್ಲೂಕು ಊರಿನಲ್ಲೂ ಸಿಗುತ್ತವೆ, ಬಿಚ್ಚಿ ಕಟ್ಟಿದ ಅನುಭವವಿರುವ ಮಿಸ್ತ್ರಿಯೂ ಸಿಗುತ್ತಾನೆ. ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾದು ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯ ಮೇಲೆ ರಾತ್ರಿ ಗಾಡಿ ನಿಂತರೆ ಬೇಕಾಗುವುದು ಇದೇ. ಯುರೋಪಿನಲ್ಲಿ ಮೋಟರ್‌ಹೋಮ್ ಕಟ್ಟುವವರು ಫಿಯೆಟ್ ಡುಕಾಟೊ ಹಿಂದೆ ಬಿದ್ದದ್ದಕ್ಕೂ ಒಂದು ಕಾರಣ, ಅದು ಅಲ್ಲಿಯ ಸರಕು ಸಾಗಿಸುವವರ ನಿತ್ಯದ ಗಾಡಿ ಎಂಬುದು.

ಟಿಟಿಯಲ್ಲೂ ಯಾವುದು ಎಂಬುದು ಮುಖ್ಯ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 3350 ಮಿ.ಮೀ. ಅಂತರವಿರುವುದು ಹನ್ನೆರಡು-ಹದಿಮೂರು ಸೀಟಿನದು, 4020 ಮಿ.ಮೀ. ಇರುವುದು ಹದಿನೇಳು ಸೀಟಿನ ಆಸುಪಾಸಿನದು. ಹದಿನೇಳು ಮಂದಿಯನ್ನು ಹೊರಲು ಮಾಡಿದ ಗಾಡಿ ಒಂದು ಟನ್ನಿಗೂ ಮೇಲೆ ಹೊರುತ್ತದೆ ಎಂಬುದು ಸೀಟಿನ ಲೆಕ್ಕದಲ್ಲೇ ಇದೆ. ಸೀಟು ಕಿತ್ತರೆ ಅವುಗಳ ತೂಕವೂ ನಿಮಗೇ ಉಳಿಯುತ್ತದೆ. ಆದ್ದರಿಂದ ದೊಡ್ಡದೇ ಇರಲಿ. ಗಾಡಿಯ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಲಘು ವಾಹನದ ಲೈಸೆನ್ಸೇ ಸಾಕು. ಆ ಮಿತಿಯೊಳಗಿನ ಸಾರಿಗೆ ವಾಹನಕ್ಕೂ ಅದು ನಡೆಯುತ್ತದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಟಾಟಾ ವಿಂಗರ್ ಬೆಲೆಗೆ ಒಳ್ಳೆಯ ಗಾಡಿ, ನೆಲ ತಗ್ಗು, ವಯಸ್ಸಾದವರಿಗೆ ಹತ್ತಿ ಇಳಿಯಲು ಸುಲಭ. ಆದರೆ ಅದರಲ್ಲಿ ಎಂಜಿನ್ನಿನ ಎಳೆತ ಹೋಗುವುದು ಮುಂದಿನ ಗಾಲಿಗಳಿಗೆ. ಮನೆ ಕಟ್ಟಿದ ಮೇಲೆ ಭಾರ ಹಿಂದೆ ಕೂರುತ್ತದೆ. ಮಳೆ ಬಿದ್ದ ಎರಿ ಮಣ್ಣಿನಲ್ಲಿ ಮುಂದಿನ ಗಾಲಿ ಹಗುರಾಗಿ ನಿಂತಲ್ಲೇ ತಿರುಗತೊಡಗಿದರೆ ಯಾರಾದರೂ ಟ್ರ್ಯಾಕ್ಟರ್ ತಂದು ಎಳೆಯುವವರೆಗೆ ಕಾಯಬೇಕು. ಗಂಡ-ಹೆಂಡತಿ ಇಬ್ಬರೇ, ಹೆದ್ದಾರಿಯಲ್ಲೇ ಹೆಚ್ಚು ಓಡಾಟ ಎಂದರೆ ವಿಂಗರ್ ಸಾಕು. ಇಬ್ಬರಿಗೇ ಬೊಲೆರೊ ಪಿಕಪ್ ಕೂಡ ಆದೀತು; ಹಿಂದಿನ ಡಬ್ಬಿ ಬೇರೆ, ಗಾಡಿ ಬೇರೆ ಆದ್ದರಿಂದ ಗಟ್ಟಿಮುಟ್ಟು, ಆದರೆ ಕಾಗದದಲ್ಲಿ ಅದು ಸರಕಿನ ಗಾಡಿ. ಹಳೆಯ ಸಾರಿಗೆ ಬಸ್ಸು ಅಗ್ಗಕ್ಕೆ ಸಿಗುತ್ತದೆಂದು ಹೋಗುವವರಿಗೆ ಮಾತ್ರ ಬೇಡ ಎನ್ನುತ್ತೇನೆ. ಲಕ್ಷಗಟ್ಟಲೆ ಕಿಲೊಮೀಟರ್ ಓಡಿ ಚಾಸಿ ದಣಿದಿರುತ್ತದೆ. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುತ್ತಿಲ್ಲ.

ಹಳೆಯ ಟಿಟಿ ನೋಡಲು ಹೋದಾಗ ಎಂಜಿನ್ ಬಿಸಿ ಮಾಡದೆ ಇಡಲು ಮೊದಲೇ ಹೇಳಿರಿ. ತಣ್ಣಗಿರುವಾಗ ಶುರು ಮಾಡಿ, ಹೊಗೆಯ ಬಣ್ಣ ನೋಡಿ. ಬಿಸಿಯಾದ ಮೇಲೆ, ಎಂಜಿನ್ ನಿಧಾನ ಓಡುತ್ತಿರುವಾಗ, ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಹೊಗೆ ಬುಸ್ ಬುಸ್ ಎಂದು ಕೈಗೆ ಬಡಿದರೆ ಮಿಸ್ತ್ರಿಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್ ರಿಂಗು ಸವೆದಿವೆ, ಬೋರು ಕೆಲಸ ಹತ್ತಿರ ಬಂದಿದೆ. ಆಮೇಲೆ ಚಾಪೆ ಹಾಸಿ ಗಾಡಿಯ ಕೆಳಗೆ ಹೋಗಿ. ಹಿಂದಿನ ಪಾಟಾಗಳಲ್ಲಿ ಬಿರುಕಿದೆಯೇ, ಪಾಟಾ ಕೂರುವ ಜಾಗದಲ್ಲಿ ಚಾಸಿಗೆ ಹೊಸದಾಗಿ ವೆಲ್ಡಿಂಗ್ ಹೊಡೆದು ಕರಿ ಬಣ್ಣ ಬಳಿದಿದ್ದಾರೆಯೇ ನೋಡಿ. ಬಣ್ಣ ಅಲ್ಲಿ ಮಾತ್ರ ಮಿರಮಿರ ಮಿಂಚುತ್ತಿದ್ದರೆ ವ್ಯಾಪಾರ ಅಲ್ಲಿಗೇ ಬಿಡಿ.

ಬಿಎಸ್-6 ಡೀಸೆಲ್ ಗಾಡಿಯಾದರೆ ಇನ್ನೊಂದು ಮಾತು. ಅದರ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ಎಸಿಗಾಗಿ ರಾತ್ರಿಯಿಡೀ ಎಂಜಿನ್ ನಿಂತಲ್ಲೇ ಓಡಿಸಿದರೆ ಜಾಲರಿ ಕಟ್ಟಿಕೊಂಡು ದೊಡ್ಡ ಖರ್ಚು ಬರುತ್ತದೆ. ಎಸಿಗೆ ಬೇರೆ ಬ್ಯಾಟರಿ ಇರಲಿ.

ಕೈಗೆ ಗರಗಸ ತೆಗೆದುಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ನೋಂದಣಿಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್‌ಗೆ ಬೇರೆ ವರ್ಗವೇ ಇದೆ. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಕಟ್ಟುವವರ ಹತ್ತಿರವೇ ಕೆಲಸ ಕೊಡಿ. ಕಾಗದ ಸರಿಯಿಲ್ಲದ ಗಾಡಿ ಅಪಘಾತವಾದರೆ ವಿಮೆ ಕೈಕೊಡಬಹುದು, ಒಳಗಿರುವುದು ನಿಮ್ಮದೇ ಸಂಸಾರ.

ಮುಕ್ಕುಂದದ ಕಡೆಯವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ಭತ್ತದ ಚೀಲ 75 ಕೆಜಿ ತೂಗುತ್ತದೆ. ಬಡಗಿಯನ್ನು ಕರೆಸುವ ಮೊದಲು, ಮಾರುವವರು ಒಪ್ಪಿದರೆ, ಮಂಚ ಬರುವಲ್ಲಿ, ನೀರಿನ ಟ್ಯಾಂಕ್ ಬರುವಲ್ಲಿ ಹಂಚಿ ಹನ್ನೆರಡು ಚೀಲ ಇಟ್ಟು ಹಗ್ಗ ಬಿಗಿಯಿರಿ. ಮನೆಮಂದಿಯನ್ನು ಬಿಟ್ಟು, ಡ್ರೈವರ್ ಮತ್ತು ಮಿಸ್ತ್ರಿ ಇಬ್ಬರೇ ಊರ ಸುತ್ತಲಿನ ರಸ್ತೆಯಲ್ಲಿ ನಡು ಮಧ್ಯಾಹ್ನದ ಬಿಸಿಲಲ್ಲಿ ಒಂದು ಸುತ್ತು ಹೊಡೆಯಲಿ, ಕಾಲುವೆ ಏರಿ ಹತ್ತಿಸಿ ಇಳಿಸಲಿ. ಏರುವಾಗ ಕ್ಲಚ್ ಸುಟ್ಟ ವಾಸನೆ ಬಂತೇ, ಟೆಂಪರೇಚರ್ ಮುಳ್ಳು ಎಲ್ಲಿಗೆ ಹೋಯಿತು, ಇಳಿಯುವಾಗ ಬ್ರೇಕ್ ಒಂದು ಕಡೆಗೆ ಎಳೆಯಿತೇ, ಹಿಂದಿನ ಟೈರು ಮಡ್‌ಗಾರ್ಡಿಗೆ ತಾಗಿತೇ, ನಾಲ್ಕನ್ನೂ ಬರೆದುಕೊಳ್ಳಿ. ಮುಂಗಡ ಕೊಡುವ ಮಾತು ಆಮೇಲೆ.