ಹನ್ನೊಂದು ಫೋಟೊ ಮತ್ತು ನಮ್ಮೂರ ಪದವು

ಮೊನ್ನೆ ಸೋಮವಾರ ಊರಿನಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮೊಬೈಲ್ ತಾನಾಗಿಯೇ ಒಂದು ಹಳೆ ಫೋಟೊ ತೋರಿಸಿತು. "ಎಂಟು ವರ್ಷದ ಹಿಂದೆ, ಇದೇ ದಿನ." ಮಳೆ ಬಿಟ್ಟ ಹೊತ್ತು, ಕೆಂಪು ಮುರಕಲ್ಲಿನ ಬಯಲು, ಅಲ್ಲಲ್ಲಿ ನೀರು ನಿಂತ ಗುಂಡಿ, ನಡುವೆ ನಮ್ಮ ಮನೆಯ ದನ, ಒಂದು ಮೂಲೆಯಲ್ಲಿ ಅಮ್ಮನ ಅರ್ಧ ಕೊಡೆ. ಹೊಸ ಮೊಬೈಲಿನ ಕ್ಯಾಮೆರಾ ಹೇಗುಂಟು ಅಂತ ನೋಡಲು ತೆಗೆದದ್ದು ಅಷ್ಟೇ. ಫೋಕಸ್ ಕೂಡ ಸರಿ ಇಲ್ಲ.

ಆ ಬಯಲು ಈಗ ಮುಕ್ಕಾಲು ಪಾಲು ಇಲ್ಲ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಕಬಿನಿಯ ಜಿಂಕೆಗಳದ್ದೇ ಎರಡು ಸಾವಿರಕ್ಕೂ ಹೆಚ್ಚು ಫೋಟೊ ಉಂಟು. ಮನೆಯ ಹಿಂದಿನ ಪದವಿನದ್ದು, ಹಾಳಾಗುವ ಮೊದಲು ತೆಗೆದದ್ದು, ಹುಡುಕಿ ಹುಡುಕಿ ಹನ್ನೊಂದು ಸಿಕ್ಕಿತು. ಈ ಹನ್ನೊಂದರ ಕತೆಯನ್ನೇ ಹೇಳಬೇಕು ಅಂತ ಕೂತಿದ್ದೇನೆ.

ಕ್ಯಾಮೆರಾ ತಗೊಂಡದ್ದು 2017ರಲ್ಲಿ, ಕೆಲಸಕ್ಕೆ ಸೇರಿ ಒಂದು ವರ್ಷ ಆದ ಮೇಲೆ. ಸೆಕೆಂಡ್‌ಹ್ಯಾಂಡ್ ಕ್ಯಾನನ್ 1300ಡಿ, ಜೊತೆಗೊಂದು 55-250 ಲೆನ್ಸ್. ವಾರವಿಡೀ ಮಣಿಪಾಲದ ಆಫೀಸಿನಲ್ಲಿ ಎಕ್ಸೆಲ್ ಶೀಟ್, ಶನಿವಾರ ಬಂತೆಂದರೆ ಹೆಗಲಿಗೆ ಬ್ಯಾಗ್. ಉಡುಪಿ ಕಡೆಯ ಹೊಸ ಛಾಯಾಗ್ರಾಹಕನಿಗೆ ದಾರಿ ಮೊದಲೇ ಹಾಕಿಟ್ಟದ್ದು ಇರುತ್ತದೆ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ, ಅದರ ಹಿಂದೆ ಮುಳುಗುವ ಸೂರ್ಯ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, ಎದುರಿನ ಚತುರ್ಮುಖ ಬಸದಿಯ ಕಂಬಗಳ ನಡುವಿನಿಂದ. ಮಣಿಪಾಲದ ಎಂಡ್ ಪಾಯಿಂಟಿನಿಂದ ಕೆಳಗೆ ಬಳುಕುವ ಸ್ವರ್ಣಾ ನದಿ. ಇಷ್ಟನ್ನೂ ನಾನೂ ತೆಗೆದೆ. ನೀವೂ ತೆಗೆದಿರುತ್ತೀರಿ. ಎಲ್ಲರ ಫೋಟೊ ಒಂದೇ ಥರ ಇರುತ್ತದೆ, ಆದರೂ ನಮ್ಮದೇ ಸ್ವಲ್ಪ ಚೆಂದ ಅಂತ ಅನಿಸುತ್ತದೆ.

ಆಮೇಲೆ ಕಾಡುಪ್ರಾಣಿಯ ಹುಚ್ಚು ಹಿಡಿಯಿತು. ಸಂಬಳದಲ್ಲಿ ಉಳಿಸಿ ಕಬಿನಿಗೆ ಎರಡು ಸಲ ಹೋದೆ. ಮೊದಲನೇ ಸಲ ಹುಲಿಯ ಬಾಲ, ಎರಡನೇ ಸಲ ಹುಲಿ ನೋಡಿದವರ ಜೀಪು. ಊರಿಗೆ ಬಂದು ಫೋಟೊ ತೋರಿಸಿದರೆ ಅಮ್ಮ ಕೇಳಿದಳು, "ಅಷ್ಟು ದೂರ ಹೋಗಿ ಜಿಂಕೆ ತೆಗೆದುಕೊಂಡು ಬಂದದ್ದಾ ಮಗಾ? ನಮ್ಮ ಪದವಿನಲ್ಲಿ ನವಿಲು ದಿನಾ ಬರ್ತದಲ್ಲ." ನಾನು ನಕ್ಕು ಸುಮ್ಮನಾದೆ. ಪದವಿನಲ್ಲಿ ಎಂತ ಉಂಟು ತೆಗೆಯಲಿಕ್ಕೆ, ಕಲ್ಲು!

ಕರಾವಳಿಯವರಲ್ಲದ ಓದುಗರಿಗೆ ಒಂದು ಮಾತು. ಪದವು ಅಂದರೆ ಗುಡ್ಡದ ತಲೆಯ ಮೇಲಿನ ಚಪ್ಪಟೆ ಮುರಕಲ್ಲಿನ ಬಯಲು. ಬೇಸಗೆಯಲ್ಲಿ ಕಾದ ಕಾವಲಿ, ಮಳೆಗಾಲದಲ್ಲಿ ಹಸಿರು ಚಾಪೆ. ನಮ್ಮಜ್ಜಿಯ ಕಾಲದಲ್ಲಿ ಮನೆ ಹೊದಿಸಲು ಮುಳಿಹುಲ್ಲು ಇಲ್ಲಿಂದಲೇ ಬರುತ್ತಿತ್ತು. ನಮಗೆ ಅದು ಕ್ರಿಕೆಟ್ ಮೈದಾನ, ಕುಂಟಲ ಹಣ್ಣಿನ ಜಾಗ. ಸರಕಾರಿ ಲೆಕ್ಕದಲ್ಲಿ ಇಂಥ ಕಲ್ಲುಬಯಲು ಪಾಳುಭೂಮಿಯ ಪಟ್ಟಿಗೆ ಬೀಳುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಅಂತ ಇಂಗ್ಲಿಷ್ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ತೀರಿಕೊಂಡ ಮೇಲೆ ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರಯಾಣದ ಪುಸ್ತಕ ಪ್ರಕಟಿಸಿದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಅಂದರೆ ಆಗಲೂ ಅವನ ಕಣ್ಣಿಗೆ ಬಿದ್ದದ್ದು ಕಡಿದು ಗೋಡೆ ಕಟ್ಟುವ ವಸ್ತು. ನಮ್ಮ ಕಣ್ಣಿಗೂ ಅದೇ.

ನನ್ನ ಕಣ್ಣು ಬದಲಾದದ್ದು 2019ರ ಜುಲೈಯಲ್ಲಿ. ಆಫೀಸಿನಲ್ಲಿ ಪಕ್ಷಿ ವೀಕ್ಷಣೆಯ ಗೀಳಿನ ಹುಡುಗಿಯೊಬ್ಬಳಿದ್ದಳು. ಒಂದು ರಾತ್ರಿ "ಕಪ್ಪೆ ನೋಡಲು ಬರ್ತೀರಾ?" ಅಂದಳು. ಮಣಿಪಾಲದ ಹೊರವಲಯದ ಒಂದು ಮುರಕಲ್ಲಿನ ಬಯಲಿಗೆ ಐದು ಜನ ಹೋದೆವು. ಎಲ್ಲಿ ಎಂದು ಬರೆಯುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಜಿರಿಜಿರಿ ಮಳೆ, ಟಾರ್ಚಿನ ಬೆಳಕು, ಕಾಲಡಿ ಜಾರುವ ಪಾಚಿ. ಸುತ್ತ ಕಿರ್ ಕಿರ್ ಅಂತ ಒಂದೇ ಸಮನೆ ಸದ್ದು. "ಜೀರುಂಡೆ ಜೋರಾಯ್ತು" ಅಂದೆ. ಆಕೆ ನಕ್ಕು, "ಜೀರುಂಡೆ ಅಲ್ಲ, ನಾವು ಹುಡುಕ್ತಾ ಇರುವುದು ಅದನ್ನೇ" ಅಂದಳು.

ಹುಡುಕಲು ನನಗೆ ಒಂದೂವರೆ ಗಂಟೆ ಬೇಕಾಯಿತು. ಸದ್ದು ಹುಲ್ಲಿನ ಬುಡದಿಂದ ಬರುತ್ತದೆ, ಬಗ್ಗಿದರೆ ನಿಲ್ಲುತ್ತದೆ. ಕೊನೆಗೆ ಕಂಡದ್ದು ಹೆಬ್ಬೆರಳಿನ ಉಗುರಿನಷ್ಟು ಜೀವ. ತಿಳಿ ಕಂದು ಮೈ, ಬೆನ್ನಿನ ಮೇಲೆ ಕಪ್ಪು ಗುರುತು. ಉದ್ದ ಸುಮಾರು 1.6 ಸೆಂಟಿಮೀಟರ್. ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಕಲ್ಲಿನ ಹೆಸರನ್ನೇ ಕಪ್ಪೆಗೆ ಇಟ್ಟಿದ್ದಾರೆ! 2016ರ ಮಾರ್ಚಿನಲ್ಲಿ 'ಪ್ಲಾಸ್ ಒನ್' ವಿಜ್ಞಾನ ಪತ್ರಿಕೆಯಲ್ಲಿ ಇದು ಹೊಸ ಪ್ರಭೇದ ಅಂತ ಪ್ರಕಟವಾಯಿತು. ಬರೆದವರಲ್ಲಿ ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಅವರಂಥ ಕಪ್ಪೆ ತಜ್ಞರಿದ್ದರು. ಆದರೆ ಮೊದಲು ಅದನ್ನು ಗಮನಿಸಿದ್ದು ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲುಗಳಲ್ಲಿ ಜನರನ್ನು ಸೇರಿಸಿಕೊಂಡು ಜೀವಿಗಳನ್ನು ದಾಖಲಿಸುತ್ತಿದ್ದ ರಮಿತ್ ಸಿಂಗಲ್. ಅವರ ಕೆಲಸದ ಹೆಸರೇ 'ನನ್ನ ಲ್ಯಾಟರೈಟ್, ನನ್ನ ನೆಲೆ' ಅನ್ನುವ ಅರ್ಥದ್ದು. ಎರಡು ವರ್ಷ ಕಳೆದು 2018ರಲ್ಲಿ ಮಂಗಳೂರಿನಲ್ಲೂ ಇದರದ್ದೇ ವಂಶದ ಇನ್ನೊಂದು ಹೊಸ ಕಪ್ಪೆ ಸಿಕ್ಕಿತು. ಅದಕ್ಕೆ ಕೊಂಕಣಿಯಲ್ಲಿ ಮಂಗಳೂರಿಗಿರುವ 'ಕೊಡಿಯಾಲ್' ಎಂಬ ಹೆಸರಿಟ್ಟರು. ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಕೈಗಾರಿಕೆಗಳಿರುವ ಪ್ರದೇಶದಲ್ಲಿ.

ಯೋಚಿಸಿ ನೋಡಿ. ಮಣಿಪಾಲವೇ ಒಂದು ಕಾಲದಲ್ಲಿ ಬೋಳುಗುಡ್ಡ. 1953ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಆಮೇಲೆ ದೇಶವಿದೇಶದಿಂದ ಎಷ್ಟು ಸಾವಿರ ಜನ ಬಂದು ಓದಿ ಹೋದರೋ. ಅವರೆಲ್ಲರ ಕಿಟಕಿಯ ಹೊರಗೆ ಈ ಕಪ್ಪೆ ಪ್ರತಿ ಮಳೆಗಾಲ ಕೂಗುತ್ತಲೇ ಇತ್ತು. ಎಲ್ಲರೂ ಜೀರುಂಡೆ ಅಂದುಕೊಂಡೆವು.

ಆ ರಾತ್ರಿಯ ಫೋಟೊಗಳು ಅಷ್ಟಕ್ಕಷ್ಟೇ. 55-250 ಲೆನ್ಸ್ ಇಷ್ಟು ಸಣ್ಣ ಜೀವಕ್ಕೆ ಹೇಳಿದ್ದಲ್ಲ. ಮೊಬೈಲಿಗೆ ಸಿಕ್ಕಿಸುವ ಇನ್ನೂರೈವತ್ತು ರೂಪಾಯಿಯ ಮ್ಯಾಕ್ರೊ ಲೆನ್ಸೇ ಚೆನ್ನಾಗಿ ಕೆಲಸ ಮಾಡಿತು. ಜೊತೆಗಿದ್ದವರು ಕಟ್ಟುನಿಟ್ಟು: ಕೈಯಲ್ಲಿ ಹಿಡಿಯಬಾರದು, ಕಲ್ಲು ಎತ್ತಿ ನೋಡಬಾರದು, ನಾಲ್ಕೈದು ಫೋಟೊ ಆದ ಮೇಲೆ ಬೆಳಕು ಆರಿಸಬೇಕು. ಇದು ನನಗೆ ಸ್ವಲ್ಪ ಅತಿ ಅನಿಸಿತ್ತು, ನಿಜ ಹೇಳಬೇಕೆಂದರೆ.

ಮುಂದಿನ ಶನಿವಾರ ಊರಿಗೆ ಹೋದವನೇ ಪದವು ಹತ್ತಿದೆ. ಅದೇ ಕಲ್ಲು, ಅದೇ ಗುಂಡಿ. ಈ ಸಲ ಮಂಡಿಯೂರಿ ಕೂತೆ. ನೀರು ಜಿನುಗುವಲ್ಲಿ ನೇರಳೆ-ನೀಲಿ ಬಣ್ಣದ ಸಣ್ಣ ಸಣ್ಣ ಹೂ, ಕಡಲೆಕಾಳಿನಷ್ಟು. ಆಮೇಲೆ ಗೊತ್ತಾಯಿತು, ಅದು ಯುಟ್ರಿಕ್ಯುಲೇರಿಯಾ, ಕೀಟಾಹಾರಿ ಗಿಡ. ಮಣ್ಣಿನಲ್ಲಿ ಸಾರ ಇಲ್ಲದ್ದಕ್ಕೆ ಬುಡದಲ್ಲಿರುವ ಪುಟ್ಟ ಚೀಲಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹೀರಿ ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಅದರ ಮೇಲೆಯೇ ನಾವು ವಿಕೆಟ್ ನೆಟ್ಟು ಆಡಿದ್ದು. ಹನ್ನೊಂದರಲ್ಲಿ ಮೂರು ಫೋಟೊ ಆ ಹೂವಿನದ್ದು.

ಹಾಗಾದರೆ ಆಮೇಲೆ ಪ್ರತಿ ವಾರ ಹೋದೆನಾ? ಇಲ್ಲ. ಹತ್ತಿರ ಇದ್ದದ್ದನ್ನು ನಾಳೆ ತೆಗೆದರಾಯ್ತು ಅನ್ನುವ ಸ್ವಭಾವ. ಕಾಪುವಿಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ, ಆದರೆ ಸೂರ್ಯಾಸ್ತಕ್ಕಲ್ಲ, ಬೆಳಿಗ್ಗೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಎತ್ತರದ ಜಾಗಗಳಿಂದ ಬರುವ ಸ್ಯಾಂಡ್ ಪ್ಲವರ್ ಹಕ್ಕಿಗಳು ಅಲೆಯ ಅಂಚಿನಲ್ಲಿ ಓಡುತ್ತವೆ. ಹಿಂದೆ ಹೋದರೆ ಹಾರುತ್ತವೆ. ಮರಳಿನ ಮೇಲೆ ಬೋರಲಾಗಿ ಮಲಗಿ ಅರ್ಧ ಗಂಟೆ ಅಲ್ಲಾಡದೆ ಇದ್ದರೆ ಅವೇ ಹತ್ತಿರ ಬರುತ್ತವೆ. ಪ್ಯಾಂಟು ಹಾಳು, ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಕ್ಯಾಮೆರಾದ ಉಪ್ಪು ಒರೆಸುವ ಕೆಲಸ ಬೇರೆ. ಆದರೂ ನಾನು ತೆಗೆದ ಒಳ್ಳೆಯ ಹಕ್ಕಿ ಫೋಟೊಗಳು ಅಲ್ಲಿಯವೇ. ಕಡಲ ತೀರದಲ್ಲಿ ಕಲಿತ ಪಾಠವನ್ನು ಗುಡ್ಡದ ಮೇಲೆ ಮರೆತೆ ಅನ್ನುವುದು ಬೇರೆ ಮಾತು.

2021ರ ಮಾರ್ಚ್. ವರ್ಕ್ ಫ್ರಮ್ ಹೋಮ್, ಊರಲ್ಲೇ ಇದ್ದೆ. ದನ ಬಿಡಲು ಹೋದ ಅಮ್ಮ ಬಂದು "ಪದವಿನಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ, ಮೆಟ್ಟಿ ಹೋಗ್ತಿದ್ದೆ" ಅಂದಳು. ಹೋಗಿ ನೋಡಿದರೆ ಹಳದಿ ಟಿಟ್ಟಿಭ. ಗೂಡು ಅಂತ ಏನಿಲ್ಲ, ಬರೀ ನೆಲದಲ್ಲಿ ನಾಲ್ಕು ಮೊಟ್ಟೆ, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ಹಿಂದೆ ಸರಿದರೆ ಮೊಟ್ಟೆ ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ದೂರದ ಕೇಪುಳದ ಪೊದೆಯ ಹಿಂದೆ ಕೂತು ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಹಕ್ಕಿ ಎದ್ದು ಹಳೆ ಕಲ್ಲಿನ ಕೋರೆಯ ನೀರಿಗೆ ಹೋಗಿ, ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು. ಕಾವು ಕೊಡಲು ಅಲ್ಲ, ತಂಪು ಮಾಡಲು! ಬೆಂಕಿಯಂಥ ಕಲ್ಲಿನ ಮೇಲೆ ಮೊಟ್ಟೆ ಉಳಿಯುವುದೇ ಹಾಗೆ.

ಆ ಫೋಟೊ ನಾನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದೆ. ಲೊಕೇಶನ್ ಸಮೇತ.

ನಾಲ್ಕು ದಿನ ಕಳೆದು ಭಾನುವಾರ ಎರಡು ಬೈಕು, ಒಂದು ಕಾರು ಬಂತು. ಎಲ್ಲರೂ ಒಳ್ಳೆಯವರೇ, ನನ್ನಂಥವರೇ. ನಾನೇ ಮುಂದೆ ನಿಂತು ಜಾಗ ತೋರಿಸಿದೆ. ಒಬ್ಬರಾದ ಮೇಲೆ ಒಬ್ಬರು, ಇನ್ನೂ ಒಂದು ಆ್ಯಂಗಲ್, ಇನ್ನೂ ಸ್ವಲ್ಪ ಹತ್ತಿರ. ಹಕ್ಕಿಗಳು ಎರಡೂ ತಲೆಯ ಮೇಲೆ ಕೂಗುತ್ತ ಸುತ್ತಿದವು. ಹತ್ತೂವರೆಯಿಂದ ಒಂದು ಗಂಟೆಯವರೆಗೆ ಮೊಟ್ಟೆ ಬಿಸಿಲಲ್ಲೇ ಇತ್ತು. ಆಮೇಲೆ ಹಕ್ಕಿ ಬಂದು ಕೂತಿತು, ಇನ್ನೂ ಎರಡು ವಾರ ಕೂತಿತು. ಮೊಟ್ಟೆ ಒಡೆಯಲೇ ಇಲ್ಲ. ಒಂದು ದಿನ ಹಕ್ಕಿಯೂ ಇರಲಿಲ್ಲ.

ನಮ್ಮಿಂದಲೇ ಆಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ, ಹಾಗೆ ಹೇಳಿ ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡೆ ಕೂಡ, ಕೆಲವು ತಿಂಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಶಬ್ದಕ್ಕೆ ಕೊಟ್ಟ ವಿವರಣೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡನ್ನು ಕದಡುವುದೂ ಸೇರಿದೆ ಎಂದು ಓದಿದ ದಿನ ಆ ಸಮಾಧಾನ ಹೋಯಿತು. ಅಮ್ಮ ಒಂದೇ ಮಾತು ಹೇಳಿದ್ದು: "ನಿನಗೆ ಹೇಳಬಾರದಿತ್ತು."

2022ರ ಕೊನೆಗೆ ಜೆಸಿಬಿ ಬಂತು. ಜಾಗ ನಮ್ಮದಲ್ಲ, ಇದ್ದವರು ಮಾರಿದರು, ತಗೊಂಡವರು ಸೈಟ್ ಮಾಡಿದರು. ಅವರಿಗೂ ಅವರ ಕಷ್ಟ ಇರುತ್ತದೆ. ಮನೆ ಬೇಡ ಅನ್ನಲು ನಾನ್ಯಾರು, ನಮ್ಮ ಮನೆಯ ಗೋಡೆಯೂ ಇದೇ ಪದವಿನ ಮುರಕಲ್ಲು. ಆದರೆ ನೀರು ನಿಲ್ಲುವ ಪಳ್ಳ ಒಂದನ್ನಾದರೂ ಬಿಡಿ ಅಂತ ಕೇಳೋಣ ಎಂದು ನಾಲ್ಕು ಜನ ಹೋದೆವು. ಕೇಳಿಸಿಕೊಂಡವರು ಮರ್ಯಾದೆಯಿಂದಲೇ ಕೇಳಿದರು, "ಅಲ್ಲಿ ಎಂತ ಉಂಟು ಮಾರಾಯ್ರೆ? ಫೋಟೊ ಏನಾದರೂ ಉಂಟಾ?"

ಹನ್ನೊಂದು. ದನದ್ದು ಒಂದು, ಹೂವಿನದ್ದು ಮೂರು, ಸೂರ್ಯಾಸ್ತ ಎರಡು, ತಮ್ಮನ ಬರ್ತ್‌ಡೇಯದ್ದು ಒಂದು, ಟಿಟ್ಟಿಭದ್ದು ನಾಲ್ಕು. ಐದು ವರ್ಷ ಕ್ಯಾಮೆರಾ ಇಟ್ಟುಕೊಂಡು ಮನೆಯಿಂದ ಹತ್ತು ನಿಮಿಷದ ಜಾಗಕ್ಕೆ ನನ್ನ ದಾಖಲೆ ಅಷ್ಟು. ಯಾವ ತಿಂಗಳಲ್ಲಿ ಯಾವ ಹಕ್ಕಿ, ಎಷ್ಟು, ಎಲ್ಲಿ ಎಂದು ಕೇಳಿದರೆ ಉತ್ತರ ಇಲ್ಲ.

ಪಳ್ಳ ಉಳಿಯಿತು. ನಮ್ಮ ಫೋಟೊದಿಂದಲ್ಲ, ಆ ಭಾಗ ಇನ್ನೊಬ್ಬರ ಪಟ್ಟಾದಲ್ಲಿತ್ತು ಅಷ್ಟೇ. ಅದರ ಸುತ್ತ ಒಂದೂವರೆ ಎಕರೆಯಷ್ಟು ಹಾಗೆಯೇ ಇದೆ.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಅಲ್ಲಿ ಇರುತ್ತೇನೆ. ಒಂದೇ ಬಂಡೆಯ ಮೇಲೆ ನಿಂತು ನಾಲ್ಕು ದಿಕ್ಕಿಗೆ ನಾಲ್ಕು ಫೋಟೊ. ಚೆಂದ ಇರುವುದಿಲ್ಲ, ಯಾರೂ ಲೈಕ್ ಒತ್ತುವುದೂ ಇಲ್ಲ. ಹಕ್ಕಿಗಳ ಲೆಕ್ಕ ಇ-ಬರ್ಡಿಗೆ, ಹೂ-ಹುಳ-ಕಪ್ಪೆಯ ಫೋಟೊ ಐ-ನ್ಯಾಚುರಲಿಸ್ಟಿಗೆ. ಅದರಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ಅಧ್ಯಯನಕ್ಕೆ ದಾಖಲೆ ಇರುತ್ತದೆ, ನೋಡಿದವರಿಗೆ ನಿಖರ ಸ್ಥಳ ಕಾಣುವುದಿಲ್ಲ. ನೀವೂ ಹಾಕುವುದಾದರೆ ಗೂಡು, ಮೊಟ್ಟೆಯ ಫೋಟೊ ಬೇಡವೇ ಬೇಡ. ಉಳಿದದ್ದಕ್ಕೂ ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಹೆಚ್ಚಿನವರದ್ದು ಆನ್ ಇರುತ್ತದೆ, ಗೊತ್ತೇ ಇರುವುದಿಲ್ಲ.

ಕಳೆದ ವಾರ ರಾತ್ರಿ ಊಟ ಆದ ಮೇಲೆ ಮಳೆ ಸಣ್ಣಗಾಯಿತು. ಟಾರ್ಚ್ ಹಿಡಿದು ಪಳ್ಳದ ಹತ್ತಿರ ಹೋದೆ. ಹೊಸ ಸೈಟುಗಳ ಬೀದಿದೀಪ ಅಲ್ಲಿಯವರೆಗೂ ಬೀಳುತ್ತದೆ. ಹುಲ್ಲಿನ ಬುಡದಿಂದ ಕಿರ್ ಕಿರ್ ಸದ್ದು. ಬಗ್ಗಿದೆ, ನಿಂತಿತು. ಎದ್ದೆ, ಶುರುವಾಯಿತು. ಒಂದು ಗಂಟೆ ಹುಡುಕಿದರೂ ಕಣ್ಣಿಗೆ ಬೀಳಲಿಲ್ಲ. ನಲವತ್ತು ಸೆಕೆಂಡು ಸದ್ದು ರೆಕಾರ್ಡ್ ಮಾಡಿಕೊಂಡು ಬಂದು ಅದೇ ಆಫೀಸಿನ ಹುಡುಗಿಗೆ ಕಳಿಸಿದೆ. "ಜೀರುಂಡೆಯೂ ಇರಬಹುದು, ನೋಡಿದರೆ ಮಾತ್ರ ಹೇಳಬಹುದು" ಅಂತ ಉತ್ತರ ಬಂತು.

ಈ ಶನಿವಾರ ಮಳೆ ಇದ್ದರೆ ಮತ್ತೆ ಹೋಗುವುದು. ಟಾರ್ಚ್ ಹಿಡಿದು ಬಗ್ಗಿದಾಗ ಕ್ಯಾಮೆರಾ ಒದ್ದೆಯಾಗ್ತದೆ ಅಂತ ಹೇಳಿದೆ. ಕೊಡೆ ಹಿಡಿಯಲು ಅಮ್ಮ ಬರ್ತಾಳಂತೆ.